ಹೊಸ್ತಿಲಿಗೆ ಕಟ್ಟಿದ ದಾರ

ಕೋಟೆಯೊಳಗಿನ ಹಳೆಯ ಮಸೀದಿಯ ನೆಲ ಕಿತ್ತುಹೋಗಿತ್ತು. ಹೊಸ ಕಲ್ಲು ಹಾಸುವ ಕೆಲಸವನ್ನು ಲಾಡ್ಲೇಸಾಬ ಉಸ್ತಾದರು ಶಿಷ್ಯ ಮೌಲಾಲಿಗೆ ಬಿಟ್ಟುಕೊಟ್ಟರು.

"ಇದು ಸರಿ ಬಂದ್ರ, ಮುಂದಿನ ತಿಂಗಳ ಹೊಳಿ ಆಚಿ ಮಸೂತಿಗೆ ನೀ ಒಬ್ಬನ ಹೋಗು," ಅಂದರು.

ಹನ್ನೊಂದು ವರ್ಷದಿಂದ ಮೌಲಾಲಿ ಕಾದಿದ್ದು ಈ ಮಾತಿಗೇ.

ಅದುವರೆಗೆ ಅವನು ಹಾಸಿದ್ದೆಲ್ಲ ಮನೆಗಳ ನೆಲ. ಮನೆಯಲ್ಲಿ ಕಲ್ಲಿನ ಸಾಲಿಗೆ ದಾರ ಹಿಡಿಯುವುದು ಹೊಸ್ತಿಲಿನಿಂದ. ಇಲ್ಲಿಯೂ ಓಣಿಗೆ ತೆರೆದ ಬಾಗಿಲ ಹೊಸ್ತಿಲಿಗೇ ದಾರ ಕಟ್ಟಿ ಮೊದಲ ಸಾಲು ಹಾಸಿದ.

ಬಾಗಿಲಿದ್ದ ಗೋಡೆ ಒಳಗಡೆ ಸಾಲಿಗೆ ಹೊಂದಲಿಲ್ಲ. ಅಳೆದು ನೋಡಿದ. ಒಂದು ತುದಿಯಲ್ಲಿ ಎರಡು ಮೊಳ ದಪ್ಪ, ಇನ್ನೊಂದು ತುದಿಯಲ್ಲಿ ನಾಲ್ಕು.

"ಕಟ್ಟಿದವ್ರಿಗೆ ಕಣ್ಣ ಇದ್ದಿದ್ದಿಲ್ಲೇನ್ರಿ ಉಸ್ತಾದರ?"

"ಓಣೀನ ಕೇಳು."

ಮೌಲಾಲಿಗೆ ಮೈಯೆಲ್ಲ ಉರಿಯಿತು. ನೆಟ್ಟಗೆ ಉತ್ತರ ಕೊಟ್ಟರೆ ಈ ಮುದುಕನ ಗಂಟೇನು ಹೋಗುತ್ತದೆ?

ಮರುದಿನ ತಡೆಯಲಾರದೆ ಮತ್ತೆ ಕೇಳಿದ. "ಓಣಿ ಏನ ಬಾಯಿ ಬಿಡ್ತೈತೇನ್ರಿ?"

ಉಸ್ತಾದರು ಬಸಿಯಲ್ಲಿದ್ದ ಚಹಾ ಊದಿದರು. "ಮಸೂತಿಕಿಂತ ಅದಕ್ಕ ವಯಸ್ಸು ಹೆಚ್ಚು."

ಆಮೇಲೆ ಎರಡು ದಿನ ಅವರು ನಮಾಜಿಗೆ ಮೊದಲು ಕೈಕಾಲು ತೊಳೆಯುವ ಹೌದಿನ ಕಟ್ಟೆಯ ಮೇಲೆ ಕೂತು ತೂಕಡಿಸಿದರು. ಮೌಲಾಲಿ ಹಳೆಯ ಕಲ್ಲುಕುಟಿಗರನ್ನೂ ಉಸ್ತಾದರನ್ನೂ ಒಟ್ಟಿಗೇ ಬೈಯುತ್ತ, ಗೋಡೆಯಂಚಿನ ಸಂದಿಗೆ ಒಂದೊಂದೇ ಓರೆ ಕಲ್ಲು ಕಡಿದು ಕೂರಿಸಿದ. ಅಂಗೈಯಲ್ಲಿ ಬೊಬ್ಬೆ ಎದ್ದವು.

ನಾಲ್ಕನೆಯ ಮಧ್ಯಾಹ್ನ ಕೆಲಸ ಮುಗಿಯಿತು.

"ನೋಡ್ರಿ. ಸಂದಿನ್ಯಾಗ ಒಂದು ಕೂದಲ ಹಿಡಿಸೂದಿಲ್ಲ."

"ಚಂದ ಐತಿ. ನಮಾಜಿಗೆ ನಿಂತಂಗ ನಿಂದ್ರು. ಹಿಮ್ಮಡ ಸಾಲಿಗೆ ಇಡು."

ಮೌಲಾಲಿ ನಿಂತ. ಪಶ್ಚಿಮದ ಗೋಡೆಯ ನಡುವೆ ಮಿಹ್ರಾಬು, ಎಲ್ಲರೂ ಮುಖ ಮಾಡುವ ಕಮಾನಿನ ಗೂಡು. ಅದರ ನೇರಕ್ಕೇ ನಿಂತಿದ್ದ. ಆದರೂ ಅವನ ಮೂಗು ನೋಡುತ್ತಿದ್ದದ್ದು ಪಕ್ಕದ ಕಂಬವನ್ನು.

ಹಿಂದಿರುಗಿ ಬಾಗಿಲು ನೋಡಿದ. ಆಚೆಗೆ ಓರೆಯಾಗಿ ಹರಿದ ಓಣಿ ನೋಡಿದ. ಮಸೀದಿ ಬರುವ ಮೊದಲೇ ಆ ಓಣಿ ಇತ್ತು, ಮನೆಗಳಿದ್ದವು. ಕಟ್ಟಿದವರು ಯಾರನ್ನೂ ಒಕ್ಕಲೆಬ್ಬಿಸಿರಲಿಲ್ಲ. ನಮಾಜಿನ ದಿಕ್ಕನ್ನೂ ಬಿಟ್ಟಿರಲಿಲ್ಲ. ಬಾಗಿಲ ಗೋಡೆಯ ಹೊರಮೈ ಓಣಿಯ ಜೊತೆ ಸಾಗಿತ್ತು, ಒಳಮೈ ಪಶ್ಚಿಮಕ್ಕೆ ನೆಟ್ಟಗೆ ನಿಂತಿತ್ತು. ಹೊಸ್ತಿಲು ಓಣಿಯ ಪಾಲಿನದು; ಅದಕ್ಕೆ ಕಟ್ಟಿದ ದಾರವೂ ಹಾಸಿದ ಸಾಲೂ ಓರೆ.

"ನಿಮಗ ಯಾವಾಗ ಗೊತ್ತಾತ್ರಿ?"

"ನೀ ದಾರ ಕಟ್ಟಿದಾಗ."

ಮೌಲಾಲಿಗೆ ಅಳುವೂ ಬಂತು, ಸಿಟ್ಟೂ ಬಂತು. "ನಾಕ್ ದಿನ ಕತ್ತೆ ಹಂಗ ದುಡಿದೇನ್ರಿ. ಒಂದು ಮಾತು ಹೇಳಿದ್ರ ನಿಮ್ಮ ನಾಲಿಗಿ ಸವೀತಿತ್ತೇನು? ಹೊಳಿ ಆಚಿ ಕೆಲಸಾನೂ ಹೋತು."

ಉಸ್ತಾದರು ಹಾರೆ ತಂದು ಮೊದಲ ಕಲ್ಲಿನ ಅಂಚಿಗೆ ತೂರಿಸಿದರು.

"ಆ ತುದಿ ಹಿಡಿ. ನಾ ಹೇಳಿದ್ರ, ಇದೊಂದ ಮಸೂತಿ ಸರಿ ಆಗತಿತ್ತು."