ಬೀಗ ಹಾಕಿದ ಸುದ್ದಿ

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ನಮಗೆ ಕಾಣುವ ನಕ್ಷತ್ರ ಎಂದೋ ಆರಿಹೋಗಿರಬಹುದಂತೆ. ಅದರ ಕೊನೆಯ ಬೆಳಕು ಬಂದು ಮುಟ್ಟುವ ತನಕ ನಮ್ಮ ಪಾಲಿಗೆ ಅದು ಉರಿಯುತ್ತಲೇ ಇರುತ್ತದೆ. ಹಾಗಾದರೆ ಸುದ್ದಿ ಬಂದಾಗಲೇ ಕಾಲವೂ ಬರುವುದಲ್ಲವೇ? ಸುದ್ದಿಯನ್ನು ತಡೆದರೆ ಕಾಲವನ್ನೇ ತಡೆದಂತಲ್ಲವೇ?”

“ಭಾರಿ ಬುದ್ಧಿವಂತನಪ್ಪ ನೀನು! ನಿನಗಿಂತ ಮೊದಲೇ ಒಬ್ಬ ವ್ಯಾಪಾರಿ ಹಾಗೆ ತಡೆದು ನೋಡಿದ್ದಾನೆ, ಕೇಳು” ಎಂದು ಗುರುಗಳು ಕತೆ ಹೇಳಿದರು.

ಆ ವ್ಯಾಪಾರಿಯನ್ನು ಸಾಕಿ ಬೆಳೆಸಿದವನು ಅವನ ಅಣ್ಣ. ಅಣ್ಣ ಪಕ್ಕದ ಊರಿನಲ್ಲಿ ಹಾಸಿಗೆ ಹಿಡಿದಿದ್ದ. ಇತ್ತ, ಹಲವು ಸಂಬಂಧಗಳು ಮುರಿದುಬಿದ್ದ ಮೇಲೆ ವ್ಯಾಪಾರಿಯ ಮಗಳಿಗೆ ಅಂತೂ ಕಂಕಣಬಲ ಕೂಡಿಬಂದಿತ್ತು.

ಮದುವೆಯ ಬೆಳಿಗ್ಗೆ ಅಣ್ಣನ ಮನೆಯ ಆಳು ಏದುಸಿರು ಬಿಡುತ್ತಾ ಬಂದ. ಅವನ ಮುಖ ನೋಡಿದ್ದೇ ವ್ಯಾಪಾರಿಗೆ ಅನ್ನಿಸಿತು: ಅಣ್ಣ ಹೋದ. ಸಾವಿನ ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಸೂತಕ. ಸೂತಕ ಬಂದರೆ ಮದುವೆ ನಿಂತಂತೆ. ಕಿವಿಗೆ ಬೀಳದಿದ್ದರೆ?

“ತುಟಿ ಪಿಟಕ್ಕೆನ್ನಬೇಡ, ನನ್ನಾಣೆ! ತಾಳಿ ಕಟ್ಟಲಿ, ಆಮೇಲೆ ಹೇಳುವಿಯಂತೆ” ಎಂದು ಅವನನ್ನು ಉಗ್ರಾಣದೊಳಕ್ಕೆ ದೂಡಿ ಬೀಗ ಹಾಕಿದ. ಬೀಗರೊಡನೆ ನಗುನಗುತ್ತಾ ಮಾತಾಡಿದ, ಧಾರೆ ಎರೆದ, ಊಟಕ್ಕೆ ಕೂತವರಿಗೆ ತಾನೇ ನಿಂತು ಹೋಳಿಗೆ ಬಡಿಸಿದ. ಒಳಗೊಳಗೇ ಅಣ್ಣನಿಗಾಗಿ ಅತ್ತೂ ಮುಗಿಸಿದ.

ಹೆಣ್ಣು ಒಪ್ಪಿಸಿಕೊಟ್ಟ ಮೇಲೆ ಬೀಗ ತೆಗೆದು ಕೇಳಿದ: “ಈಗ ಹೇಳಪ್ಪ. ಅಣ್ಣ ಹೋದದ್ದು ಯಾವಾಗ?”

“ಅಯ್ಯೋ, ಹೋಗಿರಲಿಲ್ಲ ಯಜಮಾನರೇ! ನಿಮ್ಮನ್ನು ಒಂದು ಸಲ ನೋಡಬೇಕು, ಬೇಗ ಕರೆದುಕೊಂಡು ಬಾ ಅಂದಿದ್ದರು. ನಾನೂ ಬಾಗಿಲು ಬಡಿದೆ, ಬಡಿದೆ, ವಾಲಗದ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.”

ವ್ಯಾಪಾರಿ ಗಾಡಿ ಕಟ್ಟಿಸಿ ಓಡಿಸಿದ. ಅವನು ಹೋಗಿ ಇಳಿಯುವಾಗ ಅಣ್ಣನ ಮೈ ಇನ್ನೂ ಬಿಸಿಯಾಗಿತ್ತು. “ಇಷ್ಟು ಹೊತ್ತೂ ನಿನ್ನನ್ನೇ ಕೇಳುತ್ತಿದ್ದರು” ಎಂದಳು ಅತ್ತಿಗೆ. ಅವನು ಅಣ್ಣನ ಕಾಲ ಮೇಲೆ ಬಿದ್ದು ಗೋಳೋ ಎಂದು ಅತ್ತ.

ಗುರುಗಳು ಅಷ್ಟಕ್ಕೇ ನಿಲ್ಲಿಸಿದರು.

“ಪಾಪ” ಎಂದ ಶಿಷ್ಯ. “ಸುದ್ದಿಗೆ ಬೀಗ ಹಾಕಿ, ಆಗಿಹೋದದ್ದನ್ನು ಆಗದಂತೆ ಮಾಡಲು ಹೊರಟಿದ್ದ.”

“ಆಗಿಹೋದದ್ದು ಆ ಉಗ್ರಾಣದಲ್ಲಿ ಏನಿತ್ತೋ ಮಾರಾಯ? ಅಲ್ಲಿ ಕೂತು ಬಾಗಿಲು ಬಡಿಯುತ್ತಿದ್ದದ್ದು ಅವರಿಬ್ಬರಿಗೆ ಇನ್ನೂ ಉಳಿದಿದ್ದ ಕಾಲ.”