ಆರಾಮಿಲ್ಲ ಎಂದ ಹುಡುಗಿ

“ಗುರುಗಳೇ, ನೋವನ್ನು ಬಾಯಿಬಿಡದೆ ತಾಳಿಕೊಳ್ಳುವುದೇ ಅಲ್ಲವೇ ಧೈರ್ಯ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಂದು ಊರಿನಲ್ಲಿ ರೊಟ್ಟಿ ಬಡಿದು ಮಾರುವ ಹೆಂಗಸೊಬ್ಬಳಿದ್ದಳು. ಅವಳ ಮಗಳು ನೀಲವ್ವ. ಹುಟ್ಟಿದಾಗಿನಿಂದಲೇ ಆ ಮಗುವಿನ ಕಿಡ್ನಿಗಳಿಗೆ ಬಲ ಸಾಲದು. ಊಟಕ್ಕೆ ಉಪ್ಪು ಕಡಿಮೆ, ದಿನಾ ಗುಳಿಗೆ, ಆಗಾಗ ಪಟ್ಟಣದ ಆಸ್ಪತ್ರೆ. ಅವಳು ಅದಕ್ಕೆಲ್ಲ ಒಗ್ಗಿಹೋಗಿದ್ದಳು. ಸೂಜಿ ಚುಚ್ಚಿದರೂ ಅಳುತ್ತಿರಲಿಲ್ಲ. ತಾನು ಅತ್ತರೆ ಅವ್ವನೂ ಅಳುತ್ತಾಳೆಂದು ಅವಳಿಗೆ ಗೊತ್ತಿತ್ತು.

ಒಂದು ವರ್ಷ ಊರಿಗೆಲ್ಲ ಜ್ವರ ಹಬ್ಬಿತು. ನೀಲವ್ವನಿಗೂ ಬಂತು, ಬಿಟ್ಟಿತು. ಓಣಿಯ ಮಕ್ಕಳು ಮತ್ತೆ ಆಟಕ್ಕಿಳಿದರು. ಇವಳಿಗೆ ಮಾತ್ರ ಸುಸ್ತು ಬಿಡಲಿಲ್ಲ. ಕೊಡ ಎತ್ತಿದರೆ ಏದುಸಿರು. ಬಾಯಿಪಾಠವಾಗಿದ್ದ ಮಗ್ಗಿ ನಡುವೆಯೇ ಮರೆತುಹೋಗುತ್ತಿತ್ತು. ಇವತ್ತು ಸ್ವಲ್ಪ ಓಡಾಡಿದರೆ ನಾಳೆ ಹಾಸಿಗೆಯಿಂದ ಏಳಲಾಗುತ್ತಿರಲಿಲ್ಲ. ಶಾಲೆಯವರು ಸೋಮಾರಿ ಎಂದರು. ನೆರೆಯವರು, ಹಳೇ ಕಾಯಿಲೆಯ ಮಗು, ಇನ್ನು ಹೇಗಿದ್ದೀತು ಎಂದರು. ಅವ್ವನೂ ಹಳೇ ಕಾಯಿಲೆಯದೇ ಸುಸ್ತು ಎಂದುಕೊಂಡಳು. ನೀಲವ್ವ ಅಲ್ಲವೆನ್ನಲಿಲ್ಲ.

ಕೆಲವು ತಿಂಗಳಾದ ಮೇಲೆ ಅವ್ವ ಅವಳನ್ನು ಎಂದಿನಂತೆ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ಅದೇ ಕಾಯಿಲೆಯ ಮಕ್ಕಳು ಬೆಂಚಿನ ಮೇಲೆ ಕುಳಿತಿದ್ದರು. ಅವರಿಗೂ ಆ ಜ್ವರ ಬಂದುಹೋಗಿತ್ತು. ಡಾಕ್ಟರಮ್ಮ ಒಬ್ಬೊಬ್ಬರನ್ನೇ ಹೇಗಿದ್ದೀಯೆಂದು ಕೇಳುತ್ತ ಬಂದರು. ಎಲ್ಲರೂ ಆರಾಮ ಎಂದರು. ಆರಾಮ ಎಂದರೆ ಬೇಗ ಮನೆಗೆ ಕಳಿಸುತ್ತಾರೆ, ಇಲ್ಲವೆಂದರೆ ಇನ್ನೊಂದು ಸೂಜಿ. ಇದು ಅಲ್ಲಿದ್ದ ಪ್ರತಿ ಮಗುವಿಗೂ ಗೊತ್ತಿತ್ತು.

ನೀಲವ್ವನ ಸರದಿ ಬಂತು. ರಕ್ತದ ಪರೀಕ್ಷೆಯಲ್ಲಿ ಹೊಸದೇನೂ ಕಂಡಿರಲಿಲ್ಲ. ಅವ್ವ ಊರಿನ ಬಸ್ಸು ಹಿಡಿಯಲು ಚೀಲ ಹೆಗಲಿಗೇರಿಸಿ ನಿಂತಿದ್ದಳು. ಹುಡುಗಿ ಅವ್ವನ ಮುಖ ನೋಡಿದಳು.

“ಆರಾಮಿಲ್ಲರೀ,” ಎಂದಳು. “ಕಿಡ್ನಿ ಸುಸ್ತು ನನಗ ಗೊತ್ತೈತಿ. ಇದು ಅದಲ್ಲ. ಜ್ವರ ಬಿಟ್ಟ ಮ್ಯಾಲೆ ಬಂದದ್ದು, ಹೋಗವಲ್ದು.”

ಅವ್ವ ಹೆಗಲಿನ ಚೀಲ ಕೆಳಗಿಳಿಸಿದಳು. “ನನಗ್ಯಾಕ ಹೇಳಲಿಲ್ಲ ನನ್ನವ್ವ?”

“ನೀ ಅಳ್ತಿ ಅಂತ.”

ಅವ್ವ ಅತ್ತಳು. ನೀಲವ್ವ ಮಾತು ಹಿಂತೆಗೆದುಕೊಳ್ಳಲಿಲ್ಲ. ಅವ್ವನ ಕೈ ಹಿಡಿದುಕೊಂಡೇ ಡಾಕ್ಟರಮ್ಮನಿಗೆ ಉಳಿದದ್ದನ್ನೂ ಹೇಳಿದಳು. ಅಷ್ಟರಲ್ಲಿ ಪಕ್ಕದ ಹುಡುಗಿ, “ನನಗೂ ಹಂಗ ಆಗ್ತೈತಿ,” ಎಂದಳು. ಅವಳ ಆಚೆ ಕುಳಿತಿದ್ದ ಹುಡುಗನೂ ಹೌದೆಂದು ತಲೆಯಾಡಿಸಿದ. ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕುಳಿತರು. ಆರಾಮ ಎಂದಿದ್ದ ಮಕ್ಕಳನ್ನೆಲ್ಲ ಮತ್ತೆ ಮೊದಲಿನಿಂದ ಕೇಳಿದರು. ಮಕ್ಕಳು ಹೇಳುತ್ತಲೇ ಹೋದರು.

ಆ ಸುಸ್ತಿಗೆಂದೇ ಗುಳಿಗೆ ಇರಲಿಲ್ಲ. ಮೈ ಒಪ್ಪುವಷ್ಟೇ ಆಟ, ಅರ್ಧ ದಿನದ ಶಾಲೆ, ನಡುವೆ ವಿಶ್ರಾಂತಿ ಎಂದು ಗೊತ್ತುಮಾಡಿದರು. ಮಕ್ಕಳ ಶಾಲೆಯವರೊಂದಿಗೆ ಡಾಕ್ಟರಮ್ಮನೇ ಮಾತನಾಡಿದರು. ಸೋಮಾರಿ ಎಂಬ ಮಾತು ನಿಂತಿತು. ನೀಲವ್ವನ ಏದುಸಿರು ನಿಧಾನವಾಗಿ ಕಡಿಮೆಯಾಯಿತು. ಮಗ್ಗಿ ನಾಲಗೆಗೆ ಮರಳಿತು. ಸುಸ್ತು ಮಾತ್ರ ಪೂರ್ತಿ ಹೋಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

“ಪೂರ್ತಿ ವಾಸಿಯಾಗಲಿಲ್ಲವೇ?” ಎಂದ ಶಿಷ್ಯ. “ಹಾಗಾದರೆ ಅಷ್ಟು ಧೈರ್ಯ ಮಾಡಿ ಹೇಳಿದ್ದರಿಂದ ಸಿಕ್ಕಿದ್ದೇನು?”

“ಅಂದಿನಿಂದ ಆ ಮಕ್ಕಳಲ್ಲಿ ಯಾರೂ ಆ ಸುಸ್ತನ್ನು ಒಬ್ಬರೇ ಹೊರಬೇಕಾಗಲಿಲ್ಲ,” ಎಂದರು ಗುರುಗಳು.