ಹಸೆಗೋಡೆಯ ಖಾಲಿ ಚೌಕ

ಹಿರಿಯರ ಕಲೆಗೆ ಹೊಸದು ಸೇರಿದರೆ ಅದು ಕೆಡುತ್ತದೆ ಎಂದು ಆಗ ಎಲ್ಲರೂ ನಂಬಿದ್ದರು. ಶಿಷ್ಯನೂ ನಂಬಿದ್ದ. ಆದರೂ ಕೇಳಿದ: “ಗುರುಗಳೇ, ಸೇರಿಸುವವರನ್ನು ತಡೆಯಬೇಕಲ್ಲವೇ?”

ಗುರುಗಳು ಒಂದು ಕತೆ ಹೇಳಿದರು.

ಬೆಟ್ಟದ ಜನರಲ್ಲಿ ಚಿತ್ರ ಬರೆಯುವ ಹುಡುಗಿಯೊಬ್ಬಳಿದ್ದಳು. ಆ ಜನ ಮದುವೆಮನೆಯ ಗೋಡೆಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಹಸೆ ಎಂಬ ಚಿತ್ತಾರ ಬರೆಯುತ್ತಾರೆ. ನಡುವೆ ಒಂದು ಚೌಕವನ್ನು ಖಾಲಿ ಬಿಡುತ್ತಾರೆ. ಅದು ತೀರಿಹೋದ ಹಿರಿಯರು ಬಂದು ಕೂರುವ ಜಾಗ ಎನ್ನುತ್ತಾರೆ. ಪಟ್ಟಣದ ವಿದ್ವಾಂಸರೊಬ್ಬರು ಅದಕ್ಕೆ ಶೂನ್ಯವೆಂದು ಹೆಸರಿಟ್ಟು ದಪ್ಪ ಪುಸ್ತಕ ಬರೆದರು. ಬೆಟ್ಟದಲ್ಲಿ ಅದನ್ನು ಯಾರೂ ಓದಲಿಲ್ಲ.

ಹುಡುಗಿ ಹಸೆಯನ್ನು ದೊಡ್ಡಜ್ಜಿಯಿಂದ ಕಲಿತಳು. ಚಲಿಸುವ ಚಿತ್ರ ಮಾಡುವುದನ್ನು ಪಟ್ಟಣದಲ್ಲಿ ಕಲಿತಳು. ಅಕ್ಕನ ಮದುವೆ ಗೊತ್ತಾಯಿತು. ಅಕ್ಕನ ಹಸೆ ತನ್ನ ಕೈಯಿಂದಲೇ ಆಗಬೇಕು ಎಂಬುದೊಂದೇ ಅವಳ ಆಸೆ.

ಮೂರು ದಿನ ಬರೆದಳು. ಖಾಲಿ ಚೌಕದ ಮುಂದೆ ಕುಳಿತಾಗಲೆಲ್ಲ ಗೋಡೆ ಮೆಲ್ಲಗೆ ಉಸಿರಾಡಿದಂತೆ ಅನಿಸುತ್ತಿತ್ತು. ಮೂರನೆಯ ಸಂಜೆ ಪ್ರೊಜೆಕ್ಟರ್ ಇಟ್ಟು ಚೌಕದೊಳಗೆ ಬೆಳಕು ಬಿಟ್ಟಳು. ಮಂಜು ಸರಿಯಿತು. ಜಿಂಕೆಯೊಂದು ಬಂದು ನಿಂತಿತು, ಇತ್ತ ನೋಡಿತು, ಮಂಜಿನೊಳಗೆ ಹೋಯಿತು. ಅರಿಸಿನ ಹಚ್ಚಿಕೊಂಡಿದ್ದ ಅಕ್ಕ ಅಲ್ಲೇ ನಿಂತುಬಿಟ್ಟಳು. ಹಾಡು ಹೇಳುತ್ತಿದ್ದ ಹೆಂಗಸರು ಹಾಡು ಮರೆತರು.

ದೊಡ್ಡಜ್ಜಿ ಮರೆಯಲಿಲ್ಲ. “ಏನೇ ಇದು, ಮದುವೆಮನೆಯೋ ಟೂರಿಂಗ್ ಟಾಕೀಸೋ?”

“ಹಿಟ್ಟು, ಗೆರೆ ಎಲ್ಲಾ ನೀನು ಕಲಿಸಿದ್ದೇ ಅಜ್ಜಿ. ಬೆಳಕು ಮಾತ್ರ ನನ್ನದು.”

“ಖಾಲಿ ಬಿಡು ಅಂತ ಕಲಿಸಿದ್ದೂ ನಾನೇ. ಹಿರಿಯರು ಬಂದು ಕೂರೋ ಹೊತ್ತಿಗೆ ಅವರ ತಲೆ ಮೇಲೆ ಜಿಂಕೆ ಓಡಿಸ್ತೀಯಾ?”

ಮುದುಕಿ ಕೆಮ್ಮಣ್ಣಿನ ಬಟ್ಟೆ ತಂದು ಇಡೀ ಹಸೆಯ ಮೇಲೆ ಎಳೆದಳು. ಮೂರು ದಿನದ ಕೆಲಸ ಮೂರು ಎಳೆತಕ್ಕೆ ಹೋಯಿತು. ಬೆಳಗಾಗುವುದರೊಳಗೆ ಇನ್ನೊಬ್ಬಳು ಅವಸರದಲ್ಲಿ ಬೇರೆ ಹಸೆ ಬರೆದಳು. ಗೆರೆಗಳು ಸೊಟ್ಟಗಿದ್ದವು, ಚೌಕ ಖಾಲಿಯಿತ್ತು, ಎಲ್ಲರಿಗೂ ಸಮಾಧಾನವಾಯಿತು. ಅಕ್ಕ ಅದರ ಮುಂದೆಯೇ ಕುಳಿತು ಮದುವೆಯಾದಳು. ಹುಡುಗಿಯ ಕೈಗೆ ಮತ್ತೆ ಯಾರೂ ಹಿಟ್ಟಿನ ಬಟ್ಟಲು ಕೊಡಲಿಲ್ಲ.

“ಮುದುಕಿ ಮಾಡಿದ್ದು ಸರಿ,” ಎಂದ ಶಿಷ್ಯ. “ಮೊದಲಿನಿಂದ ಹೇಗಿತ್ತೋ ಹಾಗೆಯೇ ಉಳಿಸಿದಳು.”

“ಹಸೆಯನ್ನು ಮೊಟ್ಟಮೊದಲು ಬರೆದ ಮನೆಯಲ್ಲಿ,” ಎಂದರು ಗುರುಗಳು, “ಆ ಖಾಲಿ ಚೌಕದ ಜಾಗದಲ್ಲಿ ಕಿಟಕಿ ಇತ್ತು.”